ಎತ್ತಿಕೊಂಡಾಕಿ

ಬೆಟಗೇರಿಯ ಜನ ಅದಕ್ಕೆ ಮಾತಿನ ಗಿರಣಿ ಎಂದು ಹೆಸರಿಟ್ಟಿದ್ದರು. ಸರ್ಕಾರ ಇಟ್ಟ ಹೆಸರು ಕೂಡುಮಾತಿನ ಕೇಂದ್ರ. ಸರ್ಕಾರ ಇಟ್ಟ ಹೆಸರನ್ನು ಯಾವ ಊರಿನವರು ತಾನೇ ಬಾಯಿಗೆ ಹಚ್ಚಿಕೊಂಡಿದ್ದಾರೆ? ನಾಲ್ಕು ಮನೆಯ ಕಾಳು ಸುರಿದರೆ ಗಿರಣಿಯಿಂದ ಹಿಟ್ಟು ಬರುವ ಹಾಗೆ, ಜಗಳದ ಎರಡೂ ಕಡೆಯವರ ಮಾತು ಸುರಿದರೆ ಎಲ್ಲರೂ ಒಪ್ಪುವ ಒಂದು ಮಾತು ಬರುತ್ತದೆ ಎಂದು ಅವರ ತಿಳಿವಳಿಕೆ. ಅದೇನು ತಪ್ಪು ತಿಳಿವಳಿಕೆಯಲ್ಲ.

ಪೊಲೀಸ್ ಠಾಣೆ, ಕೋರ್ಟು, ಜೈಲು ಎಲ್ಲ ಇನ್ನೂ ಇದ್ದವು. ಆದರೆ ಯಾವ ದೂರೂ ನೇರವಾಗಿ ಅಲ್ಲಿಗೆ ಹೋಗುವಂತಿರಲಿಲ್ಲ. ಅಪರಾಧವೆಂಬುದು ಆಕಾಶದಿಂದ ಬೀಳುವ ಆಲಿಕಲ್ಲಲ್ಲ, ಮಾತು ಯಾರ ಕೈಯಲ್ಲಿದೆಯೋ ಅವರು ಮಿಕ್ಕವರ ನಡತೆಗೆ ಇಡುವ ಹೆಸರು ಎಂದು ಸಮಾಜಶಾಸ್ತ್ರದವರು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದರು. ಒಬ್ಬನನ್ನು ಹತ್ತು ಸಲ ಕಳ್ಳ ಎಂದರೆ ಹನ್ನೊಂದನೆಯ ಸಲ ಅವನೇ ತನ್ನನ್ನು ಹಾಗೆ ಕರೆದುಕೊಳ್ಳುತ್ತಾನೆ ಎಂಬುದು ಅವರ ವಾದ. ಕೊನೆಗೆ ಯಾರೋ ಕಿವಿಗೊಟ್ಟರು, ಯಂತ್ರ ಹುಟ್ಟಿತು.

ಯಂತ್ರದ ರೀತಿ ಸರಳ. ಅದು ಒಬ್ಬೊಬ್ಬರನ್ನೇ ಗಾಜಿನ ಕೋಣೆಯಲ್ಲಿ ಕೂರಿಸಿ ಎರಡೇ ಪ್ರಶ್ನೆ ಕೇಳುತ್ತದೆ: ನಿಮ್ಮಿಂದ ಏನು ಹೋಯಿತು, ನೀವು ಏನಾಗಬೇಕೆಂದಿದ್ದುದನ್ನು ಯಾರು ತಡೆದರು. ಆಮೇಲೆ ಎಲ್ಲರ ಮಾತೂ ಸೇರಿಸಿ ಒಂದು ಹೇಳಿಕೆ ಹೆಣೆಯುತ್ತದೆ. ಆ ಹೇಳಿಕೆಯನ್ನು ಪ್ರತಿಯೊಬ್ಬರೂ ತಮ್ಮ ಬಾಯಿಂದ ಆಡಬೇಕು. ಗಂಟಲಿನ ನಡುಕ ಹಿಡಿದು, ಈ ಮಾತು ಮನಸ್ಸು ಒಪ್ಪಿ ಬಂದದ್ದೋ ಇಲ್ಲವೋ ಎಂದು ಯಂತ್ರ ಕಂಡುಹಿಡಿಯುತ್ತದೆ. ಒಪ್ಪಿದ ದನಿಗೆ ಹಸಿರು ದೀಪ, ಒಲ್ಲದ ದನಿಗೆ ಹಳದಿ. ಎಲ್ಲರಿಗೂ ಹಸಿರು ಹತ್ತಿದರೆ ವ್ಯಾಜ್ಯ ಅಲ್ಲಿಗೇ ಮುಗಿಯಿತು, ಆಡಿದ ಮಾತೆಲ್ಲ ಅಳಿಸಿಹೋಯಿತು, ಯಾರ ತಲೆಗೂ ಯಾವ ಹೆಸರೂ ಅಂಟಲಿಲ್ಲ. ಗಡುವಿನೊಳಗೆ ಹೊಂದಿಕೆಯಾಗದಿದ್ದರೆ ಮಾತ್ರ ದೂರು ಹಳೆಯ ಕೋರ್ಟಿಗೆ ಹೋಗುತ್ತದೆ. ಆಗ ಗಿರಣಿಯಲ್ಲಿ ಆಡಿದ್ದೆಲ್ಲ ಸಾಕ್ಷಿ.

ನೀಲಾಂಬಿಕಾ ಮುಳಗುಂದ ಆ ಕೇಂದ್ರದ ಮುಖ್ಯಸ್ಥೆ, ಯಂತ್ರದ ಪರವಾಗಿ ಪ್ರಶ್ನೆ ಕೇಳುವವಳೂ ಅವಳೇ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತಿದ್ದವಳು, ಯಂತ್ರಕ್ಕೆ ಮಾತು ಕಲಿಸಿದ ಸಮಿತಿಯಲ್ಲಿ ಕೂತವಳು. ಐವತ್ತು ದಾಟಿದ್ದರೂ ಹೊಸ ದೂರು ಬಂದ ದಿನ ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಗಂಟೆ ಮೊದಲೇ ಬಂದು ಕೂರುತ್ತಿದ್ದಳು. ಶ್ರಾವಣದ ಆ ಬೆಳಿಗ್ಗೆ ಬಂದ ದೂರು ಮಗುವಿನದು.

ಹೊಸ ಕಾಲನಿಯ ಶಾಲೆಯ ಗೇಟಿಗೆ ಒಂದು ಕಣ್ಣಿತ್ತು. ಯಾವ ಮಗುವನ್ನು ಯಾರು ಯಾರು ಕರೆದೊಯ್ಯಬಹುದು ಎಂಬುದು ಅದಕ್ಕೆ ಗೊತ್ತು. ಪಂಚಮಿಯ ಮರುದಿನ ಅನ್ವಿತಾ ಎಂಬ ಒಂದನೆಯ ತರಗತಿಯ ಹುಡುಗಿ, ಪಟ್ಟಿಯಲ್ಲಿಲ್ಲದ ಹೆಂಗಸೊಬ್ಬಳ ಕೈಹಿಡಿದು ನಗುತ್ತ ಹೊರಗೆ ಹೋಗಿದ್ದಳು. ಕಣ್ಣು ಕೂಗಿಕೊಂಡಿತು. ಪೊಲೀಸರು ಆ ಹೆಂಗಸನ್ನು ಬೆಟಗೇರಿಯ ನೇಕಾರರ ಓಣಿಯಲ್ಲಿ ಹಿಡಿದರು. ಮಗುವಿನ ತಾಯಿ ಸುವರ್ಣಾಳನ್ನು ಕರೆಸಿ, ಈಕೆ ಗೊತ್ತೇ ಎಂದು ಕೇಳಿದರು. ಗೊತ್ತಿಲ್ಲ ಎಂದಳು ಸುವರ್ಣಾ. ಗೊತ್ತಿಲ್ಲದವಳು ಮಗು ಒಯ್ದರೆ ಹಳೆಯ ಕಾನೂನಿನಲ್ಲಿ ಅದಕ್ಕೆ ಅಪಹರಣ ಎಂದು ಹೆಸರು, ವರ್ಷಗಟ್ಟಲೆ ಜೈಲು.

ಆ ಹೆಂಗಸು ಫಕೀರವ್ವ. ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಬದುಕುವವಳು, ಮಕ್ಕಳಿಲ್ಲದವಳು. ಊರು ಬಿಡದಂತೆ ಪೊಲೀಸರು ಮಣಿಕಟ್ಟಿಗೆ ಹಾಕಿದ್ದ ಪಟ್ಟಿಯನ್ನು ಬಳೆಯೊಳಗೆ ಸರಿಸಿ ಮರೆಮಾಡಿಕೊಂಡಿದ್ದಳು. ಗಾಜಿನ ಕೋಣೆಗೆ ಬಂದವಳು ಕುರ್ಚಿಯ ತುದಿಯಲ್ಲಿ ಕೂತಳು.

"ಏನಾತು ಅಂತ ನಿಮ್ಮ ಮಾತಿನಾಗ ಹೇಳ್ರಿ," ಎಂದಳು ನೀಲಾಂಬಿಕಾ.

"ಏನಿಲ್ರಿ ಬಾಯಾರ. ಕೂಸಿನ್ನ ನೋಡಬೇಕು ಅನಿಸ್ತು, ಹೋದೆ. ಮನಿಗೆ ಕರಕೊಂಡು ಬಂದು ಉಂಡಿ ತಿನಿಸಿದೆ. ತಿರುಗಿ ಬಿಟ್ಟು ಬರಾಕ ಹೊಂಟಿದ್ದೆ, ಅಷ್ಟರಾಗ ಪೊಲೀಸ್ರು ಬಂದ್ರು."

"ಕೂಸು ನಿಮಗೇನಾಗಬೇಕು?"

ಫಕೀರವ್ವ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. "ಏನೂ ಆಗಬೇಕಿಲ್ರಿ."

ಹಳದಿ ದೀಪ ಹತ್ತಿತು. ಯಂತ್ರ ತನ್ನಲ್ಲಿದ್ದ ಸಂಬಂಧಗಳ ಪದಗಳನ್ನೆಲ್ಲ ತಡಕಾಡಿ, ಬೇರೆ ಯಾವುದೂ ಹೊಂದದೆ, ಅಪರಿಚಿತೆ ಎಂದು ಬರೆದುಕೊಂಡಿತು. ಮನಸ್ಸಿನಲ್ಲಿ ಏನೋ ಇದೆ, ಈಕೆ ನುಂಗುತ್ತಿದ್ದಾಳೆ ಎಂದು ನೀಲಾಂಬಿಕಾಗೆ ಗೊತ್ತಾಯಿತು. ಆದರೆ ಇನ್ನೊಬ್ಬರನ್ನು ಉಳಿಸಲು ನುಂಗಿದ ಮಾತನ್ನು ಹೊರಗೆ ಎಳೆಯುವುದು ಹಲ್ಲು ಕೀಳುವುದಕ್ಕಿಂತ ಕಷ್ಟ.

ಮಧ್ಯಾಹ್ನ ಮಗುವಿನ ಸರದಿ. ಗಿರಣಿಯ ನಿಯಮದಲ್ಲಿ ಮಕ್ಕಳ ಮಾತಿಗೂ ದೊಡ್ಡವರ ಮಾತಿನಷ್ಟೇ ತೂಕ. ಅನ್ವಿತಾ ತಿರುಗುವ ಕುರ್ಚಿಯಲ್ಲಿ ಎರಡು ಸುತ್ತು ತಿರುಗಿ, ಇನ್ನೊಂದು ಸುತ್ತು ತಿರುಗಲೇ ಎಂದು ಕೇಳಿ, ಅದನ್ನೂ ತಿರುಗಿ ಕೂತಳು.

"ಆ ಅಜ್ಜಿ ನಿನಗ ಏನಂತ ಕರೀತಾಳ?" ನೀಲಾಂಬಿಕಾ ಕೇಳಿದಳು.

"ತಿಪ್ಪಿ ಅಂತ. ನನ್ನ ಹೆಸರು ಅನ್ವಿತಾ ಅಂದ್ರೂ ತಿಪ್ಪಿ ಅಂತನ ಕರೀತಾಳ."

"ಸಿಟ್ಟು ಬರಂಗಿಲ್ಲೇನು?"

"ಅಕಿ ಕರದ್ರ ನಡೀತದ. ಬ್ಯಾರೆಯವರು ಕರೀಬಾರದು."

"ಯಾಕ ಹಂಗ ಕರೀತಾಳ?"

"ಅದು ಹೇಳಂಗಿಲ್ಲ. ಯಾರಿಗೂ ಹೇಳಬ್ಯಾಡ ಅಂತ ಮಮ್ಮಿ ಹೇಳ್ಯಾಳ."

ಅಂದಿನ ಸಂಜೆ ನೀಲಾಂಬಿಕಾ ಮನೆಗೆ ಬಂದಾಗ ಅವಳ ಗಂಡ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ. ಚಿತ್ರಕಲೆ ಕಲಿಸುವ ಮಾಸ್ತರ. ಅವನ ರೊಟ್ಟಿಗಳು ಚಂದ್ರನಷ್ಟು ದುಂಡಗೆ, ಗೆರೆ ಎಳೆದಂತೆ ಬರುತ್ತಿದ್ದವು, ಹೆಂಡತಿಯವು ಯಾವುದೋ ದೇಶದ ನಕಾಶೆಯಂತೆ. ಈ ವಿಷಯದಲ್ಲಿ ಮನೆಯಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ. ದೂರಿನ ವಿವರ ಮನೆಗೆ ತರಬಾರದು, ಅವಳು ತರಲಿಲ್ಲ. ಕೈಕಾಲು ತೊಳೆದು ಬಂದು ಮಣೆ ಎಳೆದುಕೊಂಡು ಕೂತು, "ಸಣ್ಣಾವರಿದ್ದಾಗ ನಿಮ್ಮನ್ನ ತಿಪ್ಪಿ ಮ್ಯಾಲಿಂದ ಎತ್ತಿಕೊಂಡಾಕಿ ಹೆಸರೇನ್ರಿ?" ಎಂದು ಮಾತ್ರ ಕೇಳಿದಳು.

"ಸೀತವ್ವ." ಮಾಸ್ತರನ ಕೈ ಹಿಟ್ಟಿನಲ್ಲೇ ನಿಂತಿತು. "ಇದ್ದಕ್ಕಿದ್ದಂಗ ಅಕಿ ಯಾಕ ನೆನಪಾದ್ಲು ನೀಲಾ?"

"ಹಂಗ ಸುಮ್ನ. ಹೇಳ್ರಿ."

ಮದುವೆಯಾದ ಹೊಸದರಲ್ಲಿ ಕೇಳಿದ ಕಥೆಯೇ. ಅವನು ಎಂದೂ ಬೇಸರಿಲ್ಲದೆ ಹೇಳುವ ಕಥೆ. "ನನಗಿಂತ ಮೊದಲ ಹುಟ್ಟಿದಾವು ಯಾವೂ ಉಳೀಲಿಲ್ಲ. ನಾ ಹುಟ್ಟಿದ ಕೂಡ್ಲೆ ನಮ್ಮವ್ವ ನನ್ನ ಹಿತ್ತಲದಾಗಿನ ತಿಪ್ಪಿ ಮ್ಯಾಲೆ ಇಟ್ಟು, ತಿರುಗಿ ನೋಡ್ಲಾರದ ಒಳಗ ಬಂದ್ಲು. ಇದು ಬ್ಯಾಡಾದ ಕೂಸು, ಒಗದದ್ದು, ಇದನ್ನ ಯಾಕ ಒಯ್ತಿ ಅಂತ ಸಾವಿನ ಕಣ್ಣಿಗೆ ಮಣ್ಣೆರಚೋ ಮಸಲತ್ತು. ಸೀತವ್ವ ಮರೀಗೆ ನಿಂತಾಕಿ ಬಂದು, ಅಯ್ಯ ಯಾರ್ದೋ ಕೂಸು ಬಿದ್ದೈತಿ ಅಂತ ಉಡಿಯೊಳಗ ಹಾಕ್ಕೊಂಡ್ಲು. ಆಮ್ಯಾಲೆ ಸಾಕಾಕ ಕೊಟ್ಟಂಗ ಅವ್ವನ ಕೈಯಾಗ ಕೊಟ್ಲು. ಅಂದಿನಿಂದ ಹೆತ್ತಾಕಿ ಒಬ್ಬಾಕಿ, ಎತ್ತಿಕೊಂಡಾಕಿ ಒಬ್ಬಾಕಿ. ವರ್ಷಕ್ಕೊಮ್ಮೆ ಪಂಚಮ್ಯಾಗ ಎತ್ತಿಕೊಂಡಾಕಿ ಕೈಯಾಗಿನ ಉಂಡಿ ತಿನ್ನಬೇಕು. ಒಂದು ವರ್ಷ ತಪ್ಪಿದ್ರೂ ಕೇಡು ಅಂತ. ನಾ ಕಾಲೇಜಿಗೆ ಹೋದಾಗೂ ಅಕಿ ಹಾಸ್ಟೆಲ್ ಬಾಗಲಿಗೆ ಬಂದು ನಿಲ್ತಿದ್ಲು. ಹುಡುಗ್ರೆಲ್ಲ ನಗತಿದ್ರು. ನಾ ಬಾಯಿ ತಗೀತಿದ್ದೆ."

ಅವನು ರೊಟ್ಟಿ ತಿರುವಿದ. "ನಮ್ಮವ್ವ ಹೋದಾಗ ಅತ್ತೆ. ಸೀತವ್ವ ಹೋದಾಗ ಮಾತ್ರ ಅಂಜಿಕಿ ಬಂತು. ಇನ್ನ ಬಿದ್ರ ಎತ್ತಿಕೊಳ್ಳಾಕ ಯಾರೂ ಇಲ್ಲ ಅನಿಸ್ತು."

ನೀಲಾಂಬಿಕಾ ಊಟಕ್ಕೆ ಕೂತಳು. ಸೀತವ್ವ ಇಂದು ಇದ್ದಿದ್ದರೆ ಅವಳ ಯಂತ್ರಕ್ಕೆ ಅಪರಿಚಿತೆ. ತನ್ನ ಅತ್ತೆಯೋ, ಹೆತ್ತ ಕೂಸನ್ನು ಕಸದಲ್ಲಿ ಬಿಟ್ಟವಳು. ಹಳೆಯ ಕಾನೂನಿನಲ್ಲಿ ಅದಕ್ಕೆ ಜೈಲಿದೆ, ಮಗುವನ್ನು ತಾಯಿಯಿಂದ ಕಿತ್ತು ಸರ್ಕಾರದ ಮನೆಗೆ ಕಳಿಸುವ ಕಲಮೂ ಇದೆ. ಸುವರ್ಣಾ ಯಾಕೆ ಗೊತ್ತಿಲ್ಲ ಎಂದಳು, ಫಕೀರವ್ವ ಯಾಕೆ ಬಾಯಿ ಮುಚ್ಚಿದಳು ಎಂಬುದು ಈಗ ಅವಳಿಗೆ ಹಗಲಿನಷ್ಟು ಸ್ಪಷ್ಟ. ಒಬ್ಬಳು ಮಗಳನ್ನು ಉಳಿಸಿಕೊಳ್ಳಲು ಸುಳ್ಳಾಡುತ್ತಿದ್ದಳು, ಇನ್ನೊಬ್ಬಳು ಆ ಸುಳ್ಳನ್ನು ಉಳಿಸಲು.

ಯಂತ್ರದ ಪದಕೋಶದಲ್ಲಿ ಇಂಥ ಆಚಾರಗಳ ಮಾತು ಇಲ್ಲದ್ದಕ್ಕೆ ಕಾರಣವಿತ್ತು. ಆಚಾರದ ಹೆಸರಿನಲ್ಲಿ ಪಂಚಾಯಿತಿಗಳು ಜನರಿಗೆ ಬಹಿಷ್ಕಾರ ಹಾಕುತ್ತಿದ್ದ ಕಾಲ ಅದು, ಸಮಿತಿಯವರು ಎಲ್ಲವನ್ನೂ ಒಟ್ಟಿಗೆ ಕೇರಿ ಒಗೆದಿದ್ದರು. ಹೊಟ್ಟಿನ ಜೊತೆ ಕಾಳೂ ಹೋಗಿತ್ತು. ಹೆಸರಿಡುವವರ ಕೈಯಿಂದ ಮಾತು ಕಿತ್ತುಕೊಳ್ಳಲು ಹೊರಟವರು ತಾವೇ ಹೆಸರಿಡುವವರಾಗಿ ಕೂತಿದ್ದರು. ಹೊಸ ಪದವೊಂದು ಯಂತ್ರಕ್ಕೆ ಸೇರಬೇಕಾದರೆ ಒಂದೇ ದಾರಿ: ವ್ಯಾಜ್ಯದವರೆಲ್ಲ ಒಬ್ಬರೆದುರು ಒಬ್ಬರು ಕೂತು, ಮನಸ್ಸು ಒಪ್ಪಿ ಆ ಪದ ಆಡಬೇಕು. ಒಬ್ಬರು ಹಿಂಜರಿದರೂ ಗಡುವು ಮೀರುತ್ತದೆ, ಆಡಿದ್ದೆಲ್ಲ ಕೋರ್ಟಿಗೆ ಹೋಗುತ್ತದೆ, ಇಬ್ಬರೂ ಜೈಲಿಗೆ ಹೋಗುತ್ತಾರೆ. ಅತ್ತ ದರಿ, ಇತ್ತ ಪುಲಿ.

ಮರುದಿನ ಸುವರ್ಣಾ ಬಂದಳು. ಗಂಡ ಮಹಾಂತೇಶ ದೂರದ ಸಮುದ್ರದಲ್ಲಿ ಗಾಳಿಕಂಬಗಳ ದುರಸ್ತಿಗೆ ಹೋಗಿದ್ದ. ಹೆಂಡತಿ ಹೇಳಿದ್ದೇ ತನ್ನ ಮಾತು ಎಂದು ಅಲ್ಲಿಂದಲೇ ಒಪ್ಪಿಗೆ ಕಳಿಸಿದ್ದ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು ಸುವರ್ಣಾ. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

"ಆಕಿ ಯಾರಂತ ನನಗ ಗೊತ್ತಿಲ್ರಿ ಮೇಡಂ."

ಹಳದಿ.

"ಮಗಳು ಹೋದ್ಲು ಅಂದಾಗ ನಿಮ್ಮಿಂದ ಏನು ಹೋತು ಅನಿಸ್ತು?"

"ಏನೂ ಹೋಗಿಲ್ರಿ. ಹಂಗಲ್ಲ, ಅಂಜಿಕಿ ಆತು." ಮತ್ತೆ ಹಳದಿ. ಅವಳು ದೀಪದ ಕಡೆ ನೋಡಿ ಕಣ್ಣು ತಗ್ಗಿಸಿದಳು.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಕೂಡದು ಎಂಬ ನಿಯಮ ನೀಲಾಂಬಿಕಾಳ ನಾಲಿಗೆಗೆ ಬೀಗ ಹಾಕಿತ್ತು. ತನ್ನ ಮನೆಯ ಮಾತು ಹೇಳಬಾರದೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಅವಳ ಅವ್ವ ಸಾಯುವತನಕ ಗಂಡನ ಹೆಸರು ಬಾಯಲ್ಲಿ ಆಡಿದವಳಲ್ಲ. ಇಷ್ಟು ಓದಿದ ನೀಲಾಂಬಿಕಾಗೂ ಆ ರೂಢಿ ಹೋಗಿರಲಿಲ್ಲ. ಎಲ್ಲರ ಮುಂದೆ 'ನಮ್ಮ ಮಾಸ್ತರು' ಎಂದೇ ಅನ್ನುತ್ತಿದ್ದಳು. ಈಗ ಮುಂದೆ ಬಾಗಿ ಮೆಲ್ಲಗೆ ಹೇಳಿದಳು.

"ಸುವರ್ಣಾ, ನಮ್ಮ ಮನಿಯವರ ಹೆಸರು ತಿಪ್ಪಣ್ಣ ಅಂತ."

ಸೆರಗು ಸುತ್ತುತ್ತಿದ್ದ ಕೈ ನಿಂತಿತು. ಸುವರ್ಣಾ ಅವಳ ಮುಖ ನೋಡಿದಳು. ಆಮೇಲೆ ನೆಟ್ಟಗಿದ್ದ ಬೆನ್ನು ಮೆತ್ತಗೆ ಬಾಗಿತು.

"ಅವರಿಗೂ ಎತ್ತಿಕೊಂಡಾಕಿ ಇದ್ಲೇನ್ರಿ?"

"ಇದ್ಲು. ಕಾಲೇಜಿಗೆ ಉಂಡಿ ಕಟ್ಕೊಂಡು ಹೋಗ್ತಿದ್ಲಂತ."

ಆಗ ಸುವರ್ಣಾ ಅತ್ತಳು. ಒಂದಾದ ಮೇಲೆ ಒಂದರಂತೆ ಎರಡು ಕೂಸು ಕೈಯಲ್ಲೇ ಹೋಗಿದ್ದನ್ನು ಹೇಳಿದಳು. ಮೂರನೆಯದು ಹುಟ್ಟಿದಾಗ ಬೆಟಗೇರಿಯ ಹಿತ್ತಲಲ್ಲಿ ತಾನೇ ಕೈಯಾರೆ ಇಟ್ಟು ಬಂದದ್ದನ್ನು ಹೇಳಿದಳು. "ತಿರುಗಿ ನೋಡಬಾರದಂತ್ರಿ ಮೇಡಂ. ನಾ ನೋಡ್ಲಿಲ್ಲ. ಕೂಸು ಅಳ್ತಿತ್ತು, ಆದ್ರೂ ನೋಡ್ಲಿಲ್ಲ. ಹಿಂದ ಫಕೀರಕ್ಕ ಅದಾಳ ಅನ್ನೋ ಧೈರ್ಯದ ಮ್ಯಾಲೆ ಹೆಜ್ಜಿ ಇಟ್ಟೆ. ಹೊಸ ಕಾಲನಿಗೆ ಬಂದ ಮ್ಯಾಲೆ ಎಲ್ಲಿ ಹೋದ್ರೂ ಗೊತ್ತಾಗೋ ಹಂಗ ಮಕ್ಕಳ ಕೈಗೆ ಪಟ್ಟಿ ಕಟ್ಟಿದ್ರು. ಬೆಟಗೇರಿಗೆ ಯಾಕ ಹೋಗಿದ್ರಿ ಅಂತ ಕೇಳಿದ್ರ ಏನ ಹೇಳ್ಲಿ? ಈ ವರ್ಷ ಪಂಚಮಿಗೆ ಹೋಗ್ಲಿಲ್ಲ. ಕೂಸಿಗೆ ಕೇಡಾದೀತು ಅಂತ ಆಕೀನ ಬಂದಾಳ."

ಹಸಿರು ದೀಪ ಹತ್ತಿತು. ಅದರ ಪಕ್ಕದಲ್ಲೇ, ಹಳೆಯ ಕಾನೂನಿನ ಎಚ್ಚರಿಕೆಯ ಕೆಂಪು ದೀಪವೂ ಹತ್ತಿ ಮಿಣುಕತೊಡಗಿತು. ಕೂಸನ್ನು ತೊರೆದದ್ದು ಎಂಬ ಸಾಲು ಯಂತ್ರದಲ್ಲಿ ತಾನೇ ಮೂಡಿತು.

"ಇದನ್ನ ಆಕಿ ಎದುರಿಗೆ ಹೇಳಬೇಕಾಗ್ತದ," ಎಂದಳು ನೀಲಾಂಬಿಕಾ. "ಆಕೀನೂ ಒಪ್ಪಬೇಕು. ಹೊಂದಿಕಿ ಆಗದಿದ್ರ ನೀವು ಹೇಳಿದ್ದು ಕೋರ್ಟಿಗೆ ಹೋಗ್ತದ. ಸುಳ್ಳು ಹೇಳಿ ನಿಮಗ ಧೈರ್ಯ ಕೊಡಾಕ ನನ್ನಿಂದ ಆಗಂಗಿಲ್ಲ."

ಸುವರ್ಣಾ ಮೂಗು ಒರೆಸಿಕೊಂಡು ಎದ್ದು ಹೋದಳು.

ಗಡುವಿನ ದಿನ ಎಲ್ಲರೂ ದುಂಡು ಮೇಜಿನ ಸುತ್ತ ಕೂತರು. ಅನ್ವಿತಾ ಅವ್ವನ ಪಕ್ಕದಲ್ಲಿ, ಫಕೀರವ್ವ ಎದುರಿಗೆ. ಪದ ಸಿಗದ ಯಂತ್ರ ಹೆಣೆದು ಕೊಟ್ಟ ಹೇಳಿಕೆ, ಉಪ್ಪು ಮರೆತ ಸಾರಿನಂತಿತ್ತು. ತಾಯಿ ಮಗುವನ್ನು ಹೊರಗಿಟ್ಟಳು, ಅಪರಿಚಿತೆ ಒಯ್ದಳು ಎಂದು ಅದರ ಸಾರಾಂಶ. ಯಾರೂ ಅದನ್ನು ಬಾಯಿಗೆ ತೆಗೆದುಕೊಳ್ಳಲಿಲ್ಲ.

ಹೊರಗಿಟ್ಟಳು ಎಂಬ ಮಾತು ಕಿವಿಗೆ ಬಿದ್ದದ್ದೇ ಫಕೀರವ್ವ ಬೆಚ್ಚಿದಳು. ಗುಟ್ಟು ಹೊರಬಿದ್ದಿದೆ ಎಂದು ಅವಳಿಗೆ ತಿಳಿಯಿತು. ಮೇಜಿನ ಮೇಲೆ ಎರಡೂ ಕೈ ಇಟ್ಟು ಹೇಳಿದಳು.

"ಬಾಯಾರ, ಅದನ್ನೆಲ್ಲ ಅಳಿಸಿಬಿಡ್ರಿ. ಅಂಥಾದ್ದೇನೂ ಆಗಿಲ್ಲ. ನಾನು ಕೂಸು ಕದ್ದಾಕಿ. ಇನ್ನ ಮುಂದ ಆ ಕೂಸಿನ ಹಂತೇಕ ಬರಂಗಿಲ್ಲ. ಹಿಂಗ ಬರೀರಿ."

ಹಸಿರು.

ನೀಲಾಂಬಿಕಾ ನಂಬಲಾರದೆ ದೀಪವನ್ನು ನೋಡಿದಳು. ಯಂತ್ರ ಯಾರಿಗೂ ಕಳ್ಳಿ ಎಂದು ಹೆಸರಿಡುವಂತಿರಲಿಲ್ಲ. ಒಬ್ಬರು ತಮಗೆ ತಾವೇ ಇಟ್ಟುಕೊಂಡರೆ ತಡೆಯುವಂತೆಯೂ ಇರಲಿಲ್ಲ. ಫಕೀರವ್ವನ ಗಂಟಲಿನಲ್ಲಿ ಎಳ್ಳಷ್ಟೂ ನಡುಕವಿರಲಿಲ್ಲ. ಆ ಸುಳ್ಳನ್ನು ಅವಳು ಪೂರ್ತಿ ಮನಸ್ಸಿನಿಂದ, ಪ್ರೀತಿಯಿಂದ ಆಡಿದ್ದಳು. ಯಂತ್ರ ಕೂಡಲೇ ಹೊಸ ಹೇಳಿಕೆ ಹೆಣೆಯಿತು: ಈಕೆ ನನ್ನ ಮಗಳನ್ನು ಕದ್ದಳು, ಇನ್ನು ಹತ್ತಿರ ಬರುವುದಿಲ್ಲ. ಸುವರ್ಣಾ ಇಷ್ಟನ್ನು ಒಪ್ಪಿ ಆಡಿದರೆ ಎಲ್ಲ ಮುಗಿಯಿತು. ಜೈಲಿಲ್ಲ, ಕೋರ್ಟಿಲ್ಲ, ಮಗಳು ಮನೆಯಲ್ಲೇ ಉಳಿಯುತ್ತಾಳೆ. ಫಕೀರವ್ವನಿಗೆ ಮಾತ್ರ ಆ ಮಗು ಇನ್ನಿಲ್ಲ.

ಫಕೀರವ್ವ ಎದುರಿನಿಂದ ಕಣ್ಣಲ್ಲೇ ಬೇಡುತ್ತಿದ್ದಳು. ಅನ್ನು, ತಂಗಿ, ಅನ್ನು.

"ಈಕಿ ನನ್ನ ಮಗಳನ್ನ," ಎಂದು ಸುವರ್ಣಾ ಶುರು ಮಾಡಿದಳು. ಅಲ್ಲಿಗೇ ನಿಂತಿತು. ಪಕ್ಕದಲ್ಲಿ ಅನ್ವಿತಾ ಮುಖವೆತ್ತಿ ಅವ್ವನ ಬಾಯಿ ನೋಡುತ್ತಿದ್ದಳು. ಸುವರ್ಣಾ ಮಗಳ ಕೈ ಹಿಡಿದುಕೊಂಡಳು.

"ಈಕಿ ನನ್ನ ಮಗಳನ್ನ ಕದ್ದಿಲ್ರಿ. ನಾನ ಕೊಟ್ಟೀನಿ. ತಿಪ್ಪಿ ಮ್ಯಾಲೆ ಇಟ್ಟು ಬಂದೆ, ಈಕಿ ಉಡಿಯೊಳಗ ಹಾಕ್ಕೊಂಡ್ಲು. ನಾ ಹೆತ್ತಾಕಿ, ಈಕಿ ಎತ್ತಿಕೊಂಡಾಕಿ. ನನ್ನ ಮಗಳಿಗೆ ಇಬ್ರು ಅವ್ವಂದಿರು. ಗೊತ್ತಿಲ್ಲ ಅಂದದ್ದು ಸುಳ್ಳು."

ಹಸಿರು. ಕೆಂಪು ದೀಪದ ಮಿಣುಕು ಜೋರಾಯಿತು. ಯಂತ್ರ ಹೊಸ ಪದವನ್ನು ಎತ್ತಿ ಹಿಡಿದು ಉಳಿದವರಿಗಾಗಿ ಕಾಯತೊಡಗಿತು.

ಮಗುವಿಗೇನು ಕಷ್ಟ? "ಮಮ್ಮಿ ಹೆತ್ತಾಕಿ, ಅಕಿ ಎತ್ತಿಕೊಂಡಾಕಿ," ಎಂದಳು ಅನ್ವಿತಾ, "ನನಗ ಮೊದಲ ಗೊತ್ತಿತ್ತು." ಹಸಿರು.

ಇನ್ನು ಉಳಿದದ್ದು ಫಕೀರವ್ವ ಒಬ್ಬಳೇ. ಹಳೆಯ ಹೇಳಿಕೆಯನ್ನು ಬಿಟ್ಟು, ಇಬ್ಬರು ಅವ್ವಂದಿರಲ್ಲಿ ತಾನೊಬ್ಬಳು ಎಂದು ಆಡಬೇಕು. ಅವಳು ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು.

"ನಾನು ಈ ಕೂಸಿನ ಅವ್ವ," ಎಂದಳು.

ಹಳದಿ.

"ಇನ್ನೊಮ್ಮೆ ಅನ್ರಿ," ಎಂದಳು ನೀಲಾಂಬಿಕಾ.

"ನಾನು ಈ ಕೂಸಿನ." ಅಷ್ಟಕ್ಕೇ ಫಕೀರವ್ವನ ದನಿ ಒಡೆಯಿತು. "ಬರಾಕ ಒಲ್ಲದ್ರಿ ಬಾಯಾರ. ಸುಳ್ಳಲ್ಲ. ಆದ್ರ ಬಾಯಿಗೆ ಬರಾಕ ಒಲ್ಲದು."

ಕಳ್ಳಿ ಎನ್ನಲು ತಡವರಿಸದ ಬಾಯಿ ಅವ್ವ ಎನ್ನಲು ತಡವರಿಸಿತು. ಯಾರು ಅವಳಿಗೆ ಆ ಹಕ್ಕು ಕೊಟ್ಟಿದ್ದರು? ಬಂಜೆ ಎಂದಿದ್ದರು. ಮುಂಜಾನೆ ಎದುರಿಗೆ ಬಂದರೆ ಮುಖ ತಿರುಗಿಸಿದ್ದರು. ತೊಟ್ಟಿಲ ಕಾರ್ಯಕ್ಕೆ ಕರೆಯದೆ ಬಿಟ್ಟಿದ್ದರು. ಬೈಗುಳವನ್ನು ತನ್ನದೆಂದು ಒಪ್ಪಿಕೊಳ್ಳುವುದು ಅವಳಿಗೆ ಬದುಕಿಡೀ ರೂಢಿ. ಈ ಒಂದು ಮಾತಿನ ರೂಢಿ ಮಾತ್ರ ಇರಲಿಲ್ಲ. ನೀಲಾಂಬಿಕಾ ಇಷ್ಟು ವರ್ಷ ಪಾಠ ಹೇಳಿದ ವಿಷಯ ಇದೇ ಆಗಿತ್ತು, ಆದರೆ ಅದರ ನೋವು ಅವಳ ಎದೆಗೆ ತಾಗಿದ್ದು ಆ ಹೊತ್ತಿನಲ್ಲಿ.

ಸುವರ್ಣಾ ಎದ್ದಳು. ಮಾತು ಮುಗಿಯುವ ಮೊದಲು ಜಾಗ ಬಿಡಬಾರದು ಎಂದು ಗೋಡೆಯ ಮೇಲೆ ಬರೆದಿತ್ತು. ನೀಲಾಂಬಿಕಾ ಅದನ್ನು ತೋರಿಸಲಿಲ್ಲ. ಸುವರ್ಣಾ ಮೇಜು ಸುತ್ತಿ ಬಂದು ಫಕೀರವ್ವನ ಕುರ್ಚಿಯ ಬಳಿ ನೆಲದ ಮೇಲೆ ಕೂತು, ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

"ಅಕ್ಕಾ, ನಾ ಅಂದಂಗ ಅನ್ನು. ನಾನು."

"ನಾನು."

"ಈಕೀನ ಎತ್ತಿಕೊಂಡಾಕಿ."

"ಈಕೀನ ಎತ್ತಿಕೊಂಡಾಕಿ."

"ಎತ್ತಿಕೊಂಡಾಗ ಕೂಸು ಎಷ್ಟು ಅಳ್ತಿತ್ತು, ನೆನಪೈತೇನು?"

ಫಕೀರವ್ವನ ಮುಖ ಸಡಿಲಾಯಿತು. "ಉಡಿಯೊಳಗ ಹಾಕ್ಕೊಂಡ ಕೂಡ್ಲೆ ಸುಮ್ಮನಾತು," ಎಂದಳು. ಈಗ ಅವಳು ಯಂತ್ರಕ್ಕೆ ಹೇಳುತ್ತಿರಲಿಲ್ಲ, ಸುವರ್ಣಾಳಿಗೂ ಅಲ್ಲ. ಆ ಹಿತ್ತಲಲ್ಲಿ ನಿಂತಿದ್ದಳು. "ಹಂಗ ನೋಡ್ತು ನನ್ನ. ನಾನು ಈಕಿ ಅವ್ವ."

ಹಸಿರು ದೀಪ ಹತ್ತಿತು. ಕೆಂಪು ದೀಪ ಎರಡು ಸಲ ಮಿಣುಕಿ ಆರಿತು. ನಿಯಮದಂತೆ ಆಡಿದ ಮಾತೆಲ್ಲ ಅಳಿಸಿಹೋಯಿತು, ಫಕೀರವ್ವನ ಮಣಿಕಟ್ಟಿನ ಪಟ್ಟಿ ತಾನಾಗಿ ಬಿಚ್ಚಿ ಬಳೆಗಳ ನಡುವೆ ಜೋತುಬಿತ್ತು. ಯಂತ್ರದ ಗುಂಯ್ಗುಡುವ ಸದ್ದೂ ನಿಂತಿತು. ಇನ್ನು ಯಾರೂ ಏನೂ ಹೇಳಬೇಕಾಗಿರಲಿಲ್ಲ, ಕೇಳಿಸಿಕೊಳ್ಳಲು ಯಂತ್ರವೂ ಎಚ್ಚರವಿರಲಿಲ್ಲ.

"ನಾನು ಈಕಿ ಅವ್ವ," ಎಂದು ಫಕೀರವ್ವ ಇನ್ನೊಮ್ಮೆ ಅಂದಳು. ಸ್ವಲ್ಪ ತಡೆದು, ಇನ್ನೊಮ್ಮೆ.